ಗ್ರೀಸ್‌ಗೆ ಯಾವಾಗ ಹೋಗಬೇಕು? ತಿಂಗಳು, ಊರು, ಗಾಳಿ ನೋಡಿ ಪ್ಲಾನ್ ಮಾಡೋದು ಹೇಗೆ

ಗ್ರೀಸ್ ಅಂದ ತಕ್ಷಣ ಬಿಳಿ ಮನೆ, ನೀಲಿ ಕಡಲು, ಮೋಡವಿಲ್ಲದ ಆಕಾಶ ಕಣ್ಣಮುಂದೆ ಬರುತ್ತದೆ, ಅಲ್ವಾ? ಅದು ಸುಳ್ಳಲ್ಲ. ಆದರೆ ಅದು ಸಾಂಟೊರಿನಿ, ಮಿಕೊನೊಸ್ ಇರುವ ಸೈಕ್ಲಡೀಸ್ ದ್ವೀಪಗಳ ಬೇಸಿಗೆಯ ಚಿತ್ರ, ಅಷ್ಟೇ. ಅದೇ ದೇಶದಲ್ಲಿ ಜನವರಿಯಲ್ಲಿ ಹಿಮ ಮುಚ್ಚುವ ಬೆಟ್ಟದ ಊರುಗಳಿವೆ. ಚಳಿಗಾಲವಿಡೀ ಮಳೆ ಹೊಡೆಯುವ ದ್ವೀಪಗಳಿವೆ. ಜುಲೈನಲ್ಲಿ 40 ಡಿಗ್ರಿ ದಾಟುವ ಬಯಲುಗಳೂ ಇವೆ. ಹಾಗಾಗಿ ಟಿಕೆಟ್ ಹುಡುಕುವ ಮೊದಲು ನಿಮ್ಮ ರಜೆ ಯಾವ ತಿಂಗಳಲ್ಲಿದೆ, ಆ ತಿಂಗಳಲ್ಲಿ ಗ್ರೀಸ್‌ನ ಯಾವ ಭಾಗ ಹಿತವಾಗಿರುತ್ತದೆ ಅನ್ನೋದನ್ನು ನೋಡಿ. ಈ ಲೇಖನವನ್ನು ಆ ಕ್ರಮದಲ್ಲೇ ಬರೆದಿದ್ದೇನೆ.

ಮೊದಲ ಹೆಜ್ಜೆ: ರಜೆ ಗೊತ್ತುಮಾಡಿಕೊಳ್ಳಿ

ಕರ್ನಾಟಕದಿಂದ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಂದು ಒಳ್ಳೆಯ ಸುದ್ದಿ. ನಮ್ಮ ಶಾಲೆಗಳ ಎರಡೂ ದೊಡ್ಡ ರಜೆಗಳು ಗ್ರೀಸ್‌ನ ಹದವಾದ ಕಾಲಕ್ಕೇ ಬರುತ್ತವೆ. ಏಪ್ರಿಲ್-ಮೇ ರಜೆಯಲ್ಲಿ ಅಲ್ಲಿ ವಸಂತ. ದಸರಾ ರಜೆಯಲ್ಲಿ ಅಲ್ಲಿ ಬೇಸಿಗೆ ಇಳಿದು ಕಡಲಿನ ನೀರು ಇನ್ನೂ ಬೆಚ್ಚಗಿರುವ ಹೊತ್ತು. ಯುರೋಪಿನ ಮಕ್ಕಳಿಗೆ ಮುಖ್ಯ ರಜೆ ಜುಲೈ-ಆಗಸ್ಟ್‌ನಲ್ಲಿ. ಹೋಟೆಲ್ ದರ ಏರುವುದು, ಹಡಗು ತುಂಬುವುದು, ಬಿಸಿಲು ಕಾಯುವುದು ಎಲ್ಲವೂ ಆ ಎರಡು ತಿಂಗಳಲ್ಲೇ. ಜನಜಾತ್ರೆಯಿಂದ ತಪ್ಪಿಸಿಕೊಳ್ಳುವ ಅವಕಾಶ ನಮಗೆ ತಾನಾಗೇ ಸಿಕ್ಕಿದೆ. ಅದನ್ನು ಬಿಟ್ಟು "ಬೀಚ್ ಅಂದ್ರೆ ಆಗಸ್ಟ್" ಎಂದು ಹೊರಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ದುಬೈ, ದೋಹಾ, ಲಂಡನ್, ಜರ್ಮನಿಯ ಊರುಗಳಲ್ಲಿರುವ ಕನ್ನಡಿಗರ ಲೆಕ್ಕ ಬೇರೆ. ಅವರ ಮಕ್ಕಳಿಗೆ ರಜೆ ಬೇಸಿಗೆಯಲ್ಲೇ. ಅಂಥವರು ಜುಲೈ-ಆಗಸ್ಟ್‌ನಲ್ಲಿ ಎಲ್ಲಿಗೆ ಹೋದರೆ ಒಳ್ಳೇದು ಅನ್ನೋದನ್ನೂ ಮುಂದೆ ಹೇಳಿದ್ದೇನೆ.

ಎರಡನೇ ಹೆಜ್ಜೆ: ಮ್ಯಾಪ್ ತೆಗೆದು ಮೂರು ಸಂಗತಿ ನೋಡಿ

ಒಂದು, ಪಿಂಡಸ್ ಬೆಟ್ಟಸಾಲು. ದೇಶದ ಪಶ್ಚಿಮ ಭಾಗದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಚಾಚಿಕೊಂಡಿದೆ. ನಮ್ಮ ಪಶ್ಚಿಮ ಘಟ್ಟ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ: ಪಶ್ಚಿಮದಿಂದ ಬರುವ ತೇವದ ಗಾಳಿಯನ್ನು ತಡೆದು ಆ ಬದಿಗೇ ಮಳೆ ಸುರಿಸುತ್ತದೆ. ಪಶ್ಚಿಮದ ಕೊರ್ಫು ದ್ವೀಪಕ್ಕೆ ವರ್ಷಕ್ಕೆ ಸುಮಾರು 1100 ಮಿಲಿಮೀಟರ್ ಮಳೆ. ಬೆಟ್ಟದ ಆಚೆ ಬದಿಯ ಅಥೆನ್ಸ್‌ಗೆ ಸುಮಾರು 400, ಅಷ್ಟೇ. ಕೊರ್ಫು, ಕೆಫಲೋನಿಯಾ, ಝಾಕಿಂಥೊಸ್ ಹಸಿರಾಗಿರುವುದಕ್ಕೂ, ಸಾಂಟೊರಿನಿ, ಮಿಕೊನೊಸ್ ಬೋಳುಬೋಳಾಗಿ ಕಾಣುವುದಕ್ಕೂ ಇದೇ ಕಾರಣ.

ಆದರೆ ನಮ್ಮಲ್ಲಿ ಮಳೆ ಬರುವುದು ಜೂನ್‌ನಿಂದ, ಅಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಜುಲೈ-ಆಗಸ್ಟ್‌ನಲ್ಲಿ ಅಥೆನ್ಸ್‌ನಲ್ಲಿ ಮಳೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇದಕ್ಕೂ ನಮ್ಮ ಮುಂಗಾರಿಗೂ ನಂಟಿದೆ. ದಕ್ಷಿಣ ಏಷ್ಯಾದ ಮೇಲೆ ಮುಂಗಾರು ಸುರಿಯುವಾಗ ಮೋಡಗಳಲ್ಲಿ ಭಾರೀ ಶಾಖ ಬಿಡುಗಡೆಯಾಗಿ ಗಾಳಿ ಮೇಲೇರುತ್ತದೆ. ಅದರ ಪರಿಣಾಮ ಪಶ್ಚಿಮಕ್ಕೆ ಹಬ್ಬಿ, ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಕೆಳಕ್ಕಿಳಿಯುತ್ತದೆ. ಇಳಿಯುವ ಗಾಳಿ ಕಾದು ಒಣಗುತ್ತದೆ, ಮೋಡ ಕಟ್ಟುವುದಿಲ್ಲ. 1996ರಲ್ಲಿ ಮಾರ್ಕ್ ರಾಡ್ವೆಲ್ ಮತ್ತು ಬ್ರಯಾನ್ ಹಾಸ್ಕಿನ್ಸ್ ಎಂಬ ಹವಾಮಾನ ವಿಜ್ಞಾನಿಗಳು ಇದನ್ನು ವಿವರಿಸಿದರು. ಆಗುಂಬೆಯಲ್ಲಿ ಮಳೆ ಜಡಿಯುವ ತಿಂಗಳುಗಳಲ್ಲಿ ಸಾಂಟೊರಿನಿಯ ಆಕಾಶ ತೊಳೆದಿಟ್ಟಂತೆ ಇರುವುದರಲ್ಲಿ ನಮ್ಮ ಮುಂಗಾರಿನ ಪಾಲೂ ಇದೆ.

ಎರಡು, ಎತ್ತರ. ಗ್ರೀಸ್ ಅಂದರೆ ಜಾಸ್ತಿ ಭಾಗ ಬೆಟ್ಟವೇ. ಒಲಿಂಪಸ್ 2900 ಮೀಟರ್ ಮೀರಿದೆ. ಕ್ರೀಟ್ ದ್ವೀಪದಲ್ಲೇ 2400 ಮೀಟರ್ ದಾಟಿದ ಶಿಖರಗಳಿವೆ. ಏಪ್ರಿಲ್‌ನಲ್ಲಿ ಕ್ರೀಟ್‌ನ ಹಾನಿಯಾ ಬಂದರಿನಲ್ಲಿ ತೆಳು ಅಂಗಿ ಹಾಕಿ ನಿಂತರೆ ಹಿಂದೆ ಲೆಫ್ಕಾ ಓರಿ ಬೆಟ್ಟಗಳ ತಲೆಯ ಮೇಲೆ ಇನ್ನೂ ಹಿಮ ಕಾಣುತ್ತದೆ. ಒಂದೇ ದಿನದ ಓಡಾಟಕ್ಕೆ ಎರಡು ಥರದ ಬಟ್ಟೆ ಬೇಕಾಗಬಹುದು.

ಮೂರು, ಗಾಳಿ. ಗ್ರೀಸ್ ಹವಾಮಾನ ಅಂದಾಗ ನಮ್ಮವರು ಬರೀ ಉಷ್ಣಾಂಶ ನೋಡುತ್ತಾರೆ, ಗಾಳಿಯನ್ನು ಮರೆತೇಬಿಡುತ್ತಾರೆ. ನನ್ನ ಪ್ರಕಾರ ದ್ವೀಪಗಳಿಗೆ ಹೋಗುವವರು ಮೊದಲು ನೋಡಬೇಕಾದ್ದೇ ಗಾಳಿ.

ಮೆಲ್ಟೆಮಿ ಎಂಬ ಬೇಸಿಗೆ ಗಾಳಿ

ಬೇಸಿಗೆಯಲ್ಲಿ ಬಾಲ್ಕನ್ ಕಡೆ ಹೆಚ್ಚು ಒತ್ತಡ, ಟರ್ಕಿಯ ಕಾದ ನೆಲದ ಮೇಲೆ ಕಡಿಮೆ ಒತ್ತಡ. ಎರಡರ ನಡುವೆ, ಗ್ರೀಸ್ ಮತ್ತು ಟರ್ಕಿಯ ಮಧ್ಯದ ಏಜಿಯನ್ ಕಡಲಿನ ಮೇಲೆ ಉತ್ತರದಿಂದ ಒಣಗಾಳಿ ರಭಸವಾಗಿ ಬೀಸುತ್ತದೆ. ಇದೇ ಮೆಲ್ಟೆಮಿ. ಇದರ ಜೋರು ಜುಲೈ ಮಧ್ಯದಿಂದ ಆಗಸ್ಟ್ ಕೊನೆವರೆಗೆ. ಸಾಮಾನ್ಯವಾಗಿ ಬೆಳಗ್ಗೆ ಹೊತ್ತೇರಿದ ಮೇಲೆ ಶುರುವಾಗಿ ಮಧ್ಯಾಹ್ನ ಬಲ ಪಡೆದು ಸಂಜೆಗೆ ತಗ್ಗುತ್ತದೆ. ಕೆಲವೊಮ್ಮೆ ರಾತ್ರಿಯೂ ನಿಲ್ಲದೆ ದಿನಗಟ್ಟಲೆ ಬೀಸುವುದೂ ಉಂಟು. ಮಳೆಯಿಲ್ಲ, ಮೋಡವಿಲ್ಲ, ಸುಡುಬಿಸಿಲು, ಆದರೆ ತಲೆಯ ಟೋಪಿ ನಿಲ್ಲುವುದಿಲ್ಲ.

ಈ ಗಾಳಿಯ ಬಲ ಎಷ್ಟು ಅಂತ ತಿಳಿಯಬೇಕಿದ್ದರೆ ಸಾಂಟೊರಿನಿಯ ದ್ರಾಕ್ಷಿ ತೋಟ ನೋಡಿ. ಅಲ್ಲಿ ಚಪ್ಪರ ಹಾಕುವುದಿಲ್ಲ. ಬಳ್ಳಿಯನ್ನು ಸುತ್ತಿ ಸುತ್ತಿ ನೆಲಕ್ಕಂಟಿದ ಬುಟ್ಟಿಯ ಆಕಾರಕ್ಕೆ ತರುತ್ತಾರೆ. ಗೊಂಚಲುಗಳು ಆ ಬುಟ್ಟಿಯೊಳಗೆ ಇಳಿಬೀಳುತ್ತವೆ. ಹೊರಗಿನ ಎಲೆಗಳು ಗಾಳಿಯನ್ನೂ ಬಿಸಿಲನ್ನೂ ತಡೆಯುತ್ತವೆ. ಬೇಸಿಗೆಯಲ್ಲಿ ಮಳೆಯೇ ಇರದ ಕಾರಣ, ರಾತ್ರಿ ಕಡಲಿಂದ ಬರುವ ತೇವವನ್ನು ಜ್ವಾಲಾಮುಖಿಯ ಹಗುರ ಮಣ್ಣು ಹೀರಿಟ್ಟುಕೊಂಡು ಬೇರಿಗೆ ಕೊಡುತ್ತದೆ. ದೂರದಿಂದ ನೋಡಿದರೆ ಬೂದಿಬಣ್ಣದ ಹೊಲದಲ್ಲಿ ಹಸಿರು ಗೂಡುಗಳನ್ನು ಇಟ್ಟ ಹಾಗೆ ಕಾಣುತ್ತದೆ. ಕೊಯ್ಲು ಆಗಸ್ಟ್‌ನಲ್ಲಿ.

ಮೆಲ್ಟೆಮಿಯಿಂದ ಅನುಕೂಲವೂ ಇದೆ. ಅಥೆನ್ಸ್ 37 ಡಿಗ್ರಿಯಲ್ಲಿ ಬೇಯುವಾಗ ನಾಕ್ಸೊಸ್, ಪಾರೊಸ್‌ನಲ್ಲಿ ಹಗಲು ಸುಮಾರು 28-30ರಲ್ಲೇ ನಿಲ್ಲುವುದುಂಟು. ತೊಂದರೆ ಬೀಚ್ ಮತ್ತು ಹಡಗಿನದು. ಬೀಚ್‌ಗೆ ಒಂದು ಸರಳ ನಿಯಮ: ಉತ್ತರಕ್ಕೆ ಮುಖ ಮಾಡಿದ ಕರಾವಳಿ ಬಿಟ್ಟು ದಕ್ಷಿಣದ್ದನ್ನು ಆರಿಸಿ. ಮಿಕೊನೊಸ್‌ನಲ್ಲಿ ಓರ್ನೊಸ್, ಪ್ಲಾಟಿಸ್ ಯಾಲೊಸ್ ಕಡೆ ನೀರು ಶಾಂತವಾಗಿರುವ ದಿನವೇ ಉತ್ತರದ ಫ್ಟೇಲಿಯಾದಲ್ಲಿ ವಿಂಡ್‌ಸರ್ಫಿಂಗ್ ಮಾಡುವವರಿಗೆ ಹಬ್ಬ. ಚಿಕ್ಕ ಮಕ್ಕಳಿದ್ದರೆ, ಗಾಳಿ ಬೇಡವೇ ಬೇಡ ಅನ್ನಿಸಿದರೆ ಪಶ್ಚಿಮದ ಅಯೋನಿಯನ್ ದ್ವೀಪಗಳಿಗೆ (ಕೊರ್ಫು, ಕೆಫಲೋನಿಯಾ, ಝಾಕಿಂಥೊಸ್ ಕಡೆ) ಹೋಗಿ. ಮೆಲ್ಟೆಮಿಯ ಕಾಟ ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ.

ಮೂರನೇ ಹೆಜ್ಜೆ: ನಿಮ್ಮ ತಿಂಗಳಿಗೆ ತಕ್ಕ ಊರು ಆರಿಸಿ

ಏಪ್ರಿಲ್ ಮಧ್ಯದಿಂದ ಮೇ ಕೊನೆ. ಹಳೆಯ ಸ್ಥಳಗಳನ್ನು ನೋಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಅಥೆನ್ಸ್, ಡೆಲ್ಫಿ, ಮೈಸೀನಿ, ಒಲಿಂಪಿಯಾ, ನಾಫ್ಪ್ಲಿಯೊ ಎಲ್ಲ ಕಡೆ ಏಪ್ರಿಲ್‌ನಲ್ಲಿ ಹಗಲು 20 ಡಿಗ್ರಿ ಆಸುಪಾಸು, ಮೇನಲ್ಲಿ 25ರ ಸುತ್ತ. ಪಾಳುಬಿದ್ದ ಕಲ್ಲುಕಂಬಗಳ ನಡುವೆ ಕೆಂಪು ಗಸಗಸೆ ಹೂವು ಅರಳಿರುತ್ತದೆ. ಕ್ರೀಟ್‌ನ ಸಮಾರಿಯಾ ಕಣಿವೆಯ 16 ಕಿಲೋಮೀಟರ್ ನಡಿಗೆ ಮೇ ತಿಂಗಳಲ್ಲಿ ತೆರೆದು ಅಕ್ಟೋಬರ್ ಕೊನೆಗೆ ಮುಚ್ಚುತ್ತದೆ. ಮಳೆ ಅಥವಾ ಅತಿಯಾದ ಬಿಸಿಲಿದ್ದ ದಿನ ಒಳಗೆ ಬಿಡುವುದಿಲ್ಲ. ಕಡಲು ಮಾತ್ರ ಏಪ್ರಿಲ್‌ನಲ್ಲಿ 16-17 ಡಿಗ್ರಿ. ನಮ್ಮವರಿಗೆ ಅದು ಕೊರೆಯುವ ಚಳಿಯೇ. ಈಜು ಮುಖ್ಯ ಅನ್ನುವವರು ಈ ರಜೆಗೆ ಬರಬೇಡಿ.

ಈ ಕಾಲದಲ್ಲಿ ಎರಡು ವಿಷಯ ಗಮನಿಸಿ. ಒಂದು, ಸಹಾರಾದ ಧೂಳು. ವಸಂತದಲ್ಲಿ ದಕ್ಷಿಣದ ಗಾಳಿ ಆಫ್ರಿಕಾದಿಂದ ಮರಳುಧೂಳು ತರುತ್ತದೆ. 2024ರ ಏಪ್ರಿಲ್ 23ರಂದು ಅಥೆನ್ಸ್‌ನ ಆಕಾಶ ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆಸ್ತಮಾ ಇರುವವರು ಮಾಸ್ಕ್, ಇನ್‌ಹೇಲರ್ ಜೊತೆಗಿಟ್ಟುಕೊಳ್ಳಿ. ಇನ್ನೊಂದು, ಈಸ್ಟರ್. ಗ್ರೀಕರ ಆರ್ಥೊಡಾಕ್ಸ್ ಈಸ್ಟರ್ ಬಹಳಷ್ಟು ವರ್ಷ ನಮ್ಮ ಕ್ಯಾಲೆಂಡರಿನ ಈಸ್ಟರ್‌ಗಿಂತ ತಡವಾಗಿ ಬರುತ್ತದೆ. 2027ರಲ್ಲಿ ಮೇ 2ಕ್ಕೆ, 2028ರಲ್ಲಿ ಏಪ್ರಿಲ್ 16ಕ್ಕೆ. ಆ ವಾರ ಹಡಗು, ಬಸ್ಸು ತುಂಬಿರುತ್ತವೆ, ಕೆಲವು ಸ್ಮಾರಕ, ಅಂಗಡಿ ಮುಚ್ಚಿರುತ್ತವೆ. ಆದರೆ ಕೊರ್ಫುನಲ್ಲಿ ಶನಿವಾರ ಬೆಳಗ್ಗೆ 11ಕ್ಕೆ ಜನ ಮಹಡಿಗಳಿಂದ ದೊಡ್ಡ ದೊಡ್ಡ ಮಣ್ಣಿನ ಮಡಕೆಗಳನ್ನು ಬೀದಿಗೆ ಎಸೆದು ಒಡೆಯುವುದನ್ನು ನೋಡಲು ಸಿಗುತ್ತದೆ. ಅದೊಂದಕ್ಕೇ ಹೋಗಬಹುದು.

ಸಸ್ಯಾಹಾರಿಗಳಿಗೆ ಈಸ್ಟರ್‌ಗೆ ಮುಂಚಿನ ಏಳು ವಾರ ಸುಗ್ಗಿ. ಉಪವಾಸದ ಕಾಲವಾದ್ದರಿಂದ ಮಾಂಸ, ಹಾಲು, ಮೊಟ್ಟೆ ಇಲ್ಲದ ಅಡುಗೆ ಹೋಟೆಲ್‌ಗಳಲ್ಲೂ ಧಾರಾಳ. "ನಿಸ್ತೀಸಿಮೊ" ಎಂದು ಕೇಳಿ. ಬಿಳಿ ಬೀನ್ಸ್ ಸೂಪು ಫಸೊಲಾಡಾ, ಟೊಮೆಟೊ ಸಾಸಿನಲ್ಲಿ ಬೆಂದ ದಪ್ಪ ಬೀನ್ಸ್, ಹಳದಿ ಬೇಳೆಯ ಫಾವಾ, ಎಣ್ಣೆ-ನಿಂಬೆ ಹಾಕಿದ ಬೆಂದ ಸೊಪ್ಪು ಸಿಗುತ್ತವೆ. ಒಂದು ಎಚ್ಚರಿಕೆ: ಆಕ್ಟೋಪಸ್, ಸ್ಕ್ವಿಡ್, ಸೀಗಡಿ ಅವರ ಉಪವಾಸಕ್ಕೆ ನಡೆಯುತ್ತವೆ. ಕಡಲಿನದ್ದೂ ಬೇಡ ಎಂದು ಬಿಡಿಸಿ ಹೇಳಿ.

ಜೂನ್. ಮೊದಲ ಎರಡು ವಾರ ಚೆನ್ನಾಗಿರುತ್ತವೆ. ಹಗಲು ಉದ್ದ, ಅಥೆನ್ಸ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 8:50ರ ಹೊತ್ತಿಗೆ. ಆಮೇಲೆ ಬಿಸಿಲು ಏರುತ್ತದೆ.

ಜುಲೈ, ಆಗಸ್ಟ್. ಬೇರೆ ದಾರಿಯೇ ಇಲ್ಲದವರಿಗೆ ನನ್ನ ಸಲಹೆ ಇದು. ಅಥೆನ್ಸ್‌ಗೆ ಎರಡು ದಿನ ಸಾಕು. ಉಳಿದ ದಿನ ಒಂದೋ ದ್ವೀಪಕ್ಕೆ ಹೋಗಿ, ಇಲ್ಲವೇ ವಾಯವ್ಯದ ಝಗೋರಿ ಬೆಟ್ಟಗಳಿಗೆ ಹೋಗಿ. ಕಲ್ಲುಚಪ್ಪಡಿ ಸೂರಿನ ಮನೆಗಳು, ಕಮಾನು ಸೇತುವೆಗಳು, ವಿಕೊಸ್ ಎಂಬ ಆಳ ಕಣಿವೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಬಯಲು ಸೀಮೆ ಬೇಯುತ್ತಿರುವಾಗ ಇಲ್ಲಿ ರಾತ್ರಿ ಹೊದಿಕೆ ಬೇಕಾಗುತ್ತದೆ. ಮೆಟೆಯೊರಾ ಮಠಗಳ ಕೆಳಗಿನ ಕಲಂಬಾಕಾ ಮಾತ್ರ ಆಗಸ್ಟ್‌ನಲ್ಲಿ ಬಾಣಲೆಯೇ ಸರಿ, ಅದನ್ನು ವಸಂತಕ್ಕೆ ಇಟ್ಟುಕೊಳ್ಳಿ. ಆಗಸ್ಟ್ 15 ಮೇರಿ ಮಾತೆಯ ದೊಡ್ಡ ಹಬ್ಬ. ಅದರ ಹಿಂದೆಮುಂದೆ ಗ್ರೀಕರೇ ಊರಿಗೆ, ದ್ವೀಪಕ್ಕೆ ಹೊರಡುತ್ತಾರೆ. ತಿನೊಸ್‌ಗೆ ಯಾತ್ರಿಕರ ಪ್ರವಾಹ. ಆ ವಾರಕ್ಕೆ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡದಿದ್ದರೆ ಸುಮ್ನೆ ಪರದಾಟ.

ಸೆಪ್ಟೆಂಬರ್, ಅಕ್ಟೋಬರ್. ಕಡಲಲ್ಲಿ ಇಳಿಯಬೇಕು, ಬಿಸಿಲಲ್ಲಿ ಬೇಯಬಾರದು ಅನ್ನುವವರ ಕಾಲ. ಬೇಸಿಗೆಯಿಡೀ ಕಾದ ನೀರು ಬೇಗ ತಣಿಯುವುದಿಲ್ಲ. ಅಕ್ಟೋಬರ್‌ನಲ್ಲೂ ಕ್ರೀಟ್, ರೋಡ್ಸ್ ಸುತ್ತ 22-23 ಡಿಗ್ರಿ ಇರುತ್ತದೆ. ದಸರಾ ರಜೆಯವರಿಗೆ ಈ ಎರಡು ದ್ವೀಪಗಳೇ ನನ್ನ ಮೊದಲ ಆಯ್ಕೆ, ಯಾಕೆಂದರೆ ದಕ್ಷಿಣಕ್ಕೆ ಹೋದಷ್ಟೂ ಬೇಸಿಗೆ ತಡವಾಗಿ ಮುಗಿಯುತ್ತದೆ. ಕೊರ್ಫು ಕಡೆ ಅಕ್ಟೋಬರ್‌ಗೆಲ್ಲ ಮಳೆ ಹಿಡಿದಿರುತ್ತದೆ.

ಈ ಕಾಲದ ಅಪಾಯ ಬಿರುಗಾಳಿ ಮಳೆ. ಬೆಚ್ಚಗಿನ ಕಡಲಿನ ಮೇಲೆ ತಂಪು ಗಾಳಿ ಬಂದಾಗ ಅಪರೂಪಕ್ಕೆ ದೊಡ್ಡ ಚಂಡಮಾರುತ ಕಟ್ಟುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಇಯಾನೊಸ್ ಕೆಫಲೋನಿಯಾ, ಇಥಾಕಾಗಳನ್ನು ಹೊಡೆಯಿತು. 2023ರ ಸೆಪ್ಟೆಂಬರ್ ಮೊದಲ ವಾರ ಡೇನಿಯಲ್ ಬಂದಾಗ ಪೀಲಿಯೊ ಬೆಟ್ಟದ ಝಗೊರಾದಲ್ಲಿ ಒಂದೇ ದಿನ 750 ಮಿಲಿಮೀಟರ್ ಮೀರಿ ಮಳೆ ಸುರಿಯಿತು. ಅಥೆನ್ಸ್‌ಗೆ ಹತ್ತಿರಹತ್ತಿರ ಎರಡು ವರ್ಷಕ್ಕೆ ಬರುವಷ್ಟು ಮಳೆ ಒಂದೇ ದಿನದಲ್ಲಿ. ಥೆಸಲಿಯ ಬಯಲು ಕೆರೆಯಾಯಿತು. ಇಂಥದ್ದು ಪ್ರತಿವರ್ಷ ಆಗುವುದಿಲ್ಲ, ಆದರೆ ಸೆಪ್ಟೆಂಬರ್‌ನಲ್ಲಿ ಮುನ್ಸೂಚನೆ ನೋಡದೆ ಬೆಟ್ಟದ ರಸ್ತೆಗೆ ಕಾರು ಇಳಿಸಬೇಡಿ.

ನವೆಂಬರ್‌ನಿಂದ ಮಾರ್ಚ್. ದ್ವೀಪಗಳನ್ನು ಬಿಡಿ. ಸಣ್ಣ ದ್ವೀಪಗಳಲ್ಲಿ ಜಾಸ್ತಿ ಹೋಟೆಲ್‌ಗಳು ಬಾಗಿಲು ಹಾಕಿರುತ್ತವೆ, ಹಡಗೂ ಕಡಿಮೆ. ಅದರ ಬದಲು ಅಥೆನ್ಸ್, ಥೆಸಲೋನಿಕಿ, ಮೆಟೆಯೊರಾ. ಅಥೆನ್ಸ್‌ನಲ್ಲಿ ಹಗಲು 13-15 ಡಿಗ್ರಿ, ನಡುನಡುವೆ ಮಳೆ. ಜನವರಿಯಲ್ಲಿ ಕೆಲವು ದಿನ ಗಾಳಿ ನಿಂತು ತಿಳಿಬಿಸಿಲು ಬರುವುದುಂಟು. ಅದಕ್ಕೆ ಅಲ್ಲಿನವರು ಅಲ್ಕಿಯೊನೈಡ್ಸ್ ದಿನಗಳು ಅನ್ನುತ್ತಾರೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿಂಗಳ ಮೊದಲ ಭಾನುವಾರ ಅಥೆನ್ಸ್‌ನ ಗುಡ್ಡದ ಮೇಲಿನ ಹಳೆಯ ಕೋಟೆ-ದೇಗುಲಗಳ ಜಾಗ ಅಕ್ರೊಪೊಲಿಸ್ ಸೇರಿ ಸರ್ಕಾರಿ ಸ್ಮಾರಕಗಳಿಗೆ ಪ್ರವೇಶ ಉಚಿತ. ಥೆಸಲೋನಿಕಿಯಲ್ಲಿ ವರ್ದಾರಿಸ್ ಎಂಬ ಉತ್ತರದ ಗಾಳಿ ಕಣಿವೆಯಿಂದ ನುಗ್ಗಿ ಬರುತ್ತದೆ, ಮೈ ಕೊರೆಯುತ್ತದೆ. ಹಿಮ ನೋಡಬೇಕಿದ್ದರೆ ಪಿಂಡಸ್ ಮೇಲಿನ ಮೆಟ್ಸೊವೊಗೆ ಹೋಗಿ. ಅಪರೂಪಕ್ಕೆ ಅಥೆನ್ಸ್‌ನಲ್ಲೂ ಹಿಮ ಬೀಳುತ್ತದೆ, 2021ರ ಫೆಬ್ರುವರಿಯಲ್ಲಿ, 2022ರ ಜನವರಿಯಲ್ಲಿ ಬಿದ್ದ ಹಾಗೆ.

ನಾಲ್ಕನೇ ಹೆಜ್ಜೆ: ಬಿಸಿಲಿಗೆ ತಕ್ಕಂತೆ ದಿನ ಹೊಂದಿಸಿ

1977ರ ಜುಲೈ 10ರಂದು ಅಥೆನ್ಸ್ ಪಕ್ಕದ ಎಲೆಫ್ಸಿನಾದಲ್ಲಿ 48 ಡಿಗ್ರಿ ದಾಖಲಾಯಿತು. 2021ರಲ್ಲಿ ಸಿಸಿಲಿ ಮೀರಿಸುವವರೆಗೆ ಯುರೋಪಿನಲ್ಲಿ ಅದೇ ಗರಿಷ್ಠ. ಕಲಬುರಗಿ, ರಾಯಚೂರಿನವರಿಗೆ 40 ಡಿಗ್ರಿ ಹೊಸದಲ್ಲ, ನಿಜ. ಆದರೆ ಊರಲ್ಲಿದ್ದಾಗ ಆ ಹೊತ್ತಿಗೆ ನೆರಳಲ್ಲಿರುತ್ತೇವೆ. ಪ್ರವಾಸದಲ್ಲಿ ಅದೇ ಹೊತ್ತಿಗೆ ಬಂಡೆ ಹತ್ತುತ್ತಿರುತ್ತೇವೆ. ಅಕ್ರೊಪೊಲಿಸ್ ಮೇಲೆ ಮರದ ನೆರಳಿಲ್ಲ. ಕಾಲಕೆಳಗೆ ಲಕ್ಷಾಂತರ ಜನ ತುಳಿದು ನುಣುಪಾದ ಅಮೃತಶಿಲೆ, ಬಿಸಿಲಲ್ಲಿ ಕಣ್ಣು ಕುಕ್ಕುತ್ತದೆ, ಮಳೆಯಲ್ಲಿ ಜಾರುತ್ತದೆ. ಸಪಾಟು ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ.

2023, 2024, 2025ರ ಬೇಸಿಗೆಗಳಲ್ಲಿ ಬಿಸಿಗಾಳಿ ಬಂದಾಗ ಅಕ್ರೊಪೊಲಿಸನ್ನು ಮಧ್ಯಾಹ್ನ ಕೆಲವು ಗಂಟೆ ಮುಚ್ಚಿದ್ದರು. ಈಗ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ ಮೇಲೆ ಗಂಟೆ ನಮೂದಾಗಿರುತ್ತದೆ. ಬೆಳಗ್ಗೆ 8ರ ಟಿಕೆಟ್ ತಗೊಳ್ಳಿ. ಹೊತ್ತೇರಿದ ಮೇಲೆ ಕೆಳಗಿನ ಅಕ್ರೊಪೊಲಿಸ್ ಮ್ಯೂಸಿಯಂಗೆ ಹೋಗಿ, ಅಲ್ಲಿ ಎಸಿ ಇದೆ. ಮಧ್ಯಾಹ್ನ ಊಟ, ನಿದ್ದೆ. ಸಂಜೆ 6ರ ಮೇಲೆ ಮತ್ತೆ ಹೊರಡಿ. ಗ್ರೀಕರು ಬೇಸಿಗೆಯಲ್ಲಿ ಬದುಕುವುದೇ ಹೀಗೆ. ರಾತ್ರಿ 10ಕ್ಕೆ ಮಕ್ಕಳು ಚೌಕದಲ್ಲಿ ಚೆಂಡಾಡುತ್ತಿರುತ್ತಾರೆ.

ದ್ವೀಪಗಳ ಕಾಲುದಾರಿಯಲ್ಲಿ ನಡುಹಗಲು ಒಬ್ಬರೇ ನಡೆಯಬೇಡಿ. 2024ರ ಜೂನ್‌ನಲ್ಲಿ ಹೀಗೆ ಹೋದ ಹಲವು ವಿದೇಶಿ ಪ್ರವಾಸಿಗರು ಬಿಸಿಲಿಗೆ ಜೀವ ಕಳೆದುಕೊಂಡರು. ಗಾಳಿ, ಬಿಸಿಲು, ಒಣಹುಲ್ಲು ಮೂರೂ ಸೇರಿದಾಗ ಕಾಡ್ಗಿಚ್ಚು. 2023ರ ಜುಲೈನಲ್ಲಿ ರೋಡ್ಸ್‌ನಲ್ಲಿ ಸಾವಿರಾರು ಪ್ರವಾಸಿಗರನ್ನು ಹೋಟೆಲ್‌ಗಳಿಂದ ಹೊರಗೆ ಸಾಗಿಸಬೇಕಾಯಿತು. ಫೋನಿಗೆ ತುರ್ತು ಸೇವೆಯ ಸಂಖ್ಯೆ 112ರಿಂದ ಜೋರು ಸದ್ದಿನ ಎಚ್ಚರಿಕೆ ಬಂದರೆ ಸಾಮಾನು ಕಟ್ಟುತ್ತಾ ಕೂರದೆ ಪಾಸ್‌ಪೋರ್ಟ್, ಔಷಧಿ ಹಿಡಿದು ಅವರು ಹೇಳಿದ ಕಡೆ ಹೊರಡಿ.

ಐದನೇ ಹೆಜ್ಜೆ: ಹಡಗನ್ನು ನಂಬಿ, ಆದರೆ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ

ಗಾಳಿಯ ಬಲ ಅಳೆಯುವ ಬೋಫೋರ್ಟ್ ಮಾಪಕದಲ್ಲಿ ಗಾಳಿ 8 ಮುಟ್ಟಿದರೆ, ಅಂದರೆ ಗಂಟೆಗೆ 62 ಕಿಲೋಮೀಟರ್ ದಾಟಿದರೆ, ಸಾಮಾನ್ಯವಾಗಿ ಹಡಗುಗಳು ಬಂದರಿನಲ್ಲೇ ನಿಲ್ಲುತ್ತವೆ. ವೇಗದ ಸಣ್ಣ ಹಡಗುಗಳು ಅದಕ್ಕೂ ಮೊದಲೇ ರದ್ದಾಗುತ್ತವೆ. ಇದು ಆಗಸ್ಟ್‌ನ ಮೆಲ್ಟೆಮಿಯಲ್ಲೂ ಆಗುತ್ತದೆ, ಚಳಿಗಾಲದಲ್ಲೂ ಆಗುತ್ತದೆ. ಅಥೆನ್ಸ್‌ನ ಬಂದರು ಪಿರೇಯಸ್‌ನಿಂದ ಸಾಂಟೊರಿನಿಗೆ ದೊಡ್ಡ ಹಡಗು ಏಳೆಂಟು ಗಂಟೆ ತಗೊಳ್ಳುತ್ತದೆ, ವೇಗದ್ದು ಸುಮಾರು ಐದು. ವಾಂತಿ ಬರುವವರಿದ್ದರೆ ಉಳಿಯುವ ಮೂರು ಗಂಟೆಗೆ ಆಸೆಪಡಬೇಡಿ. ದೊಡ್ಡದೇ ಹತ್ತಿ, ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೂತುಕೊಳ್ಳಿ.

ಒಂದು ವಾರಕ್ಕೆ ಎರಡು ದ್ವೀಪ ಸಾಕು, ಅದೂ ಒಂದೇ ಹಡಗು ದಾರಿಯಲ್ಲಿರುವಂಥವು. ಪಾರೊಸ್, ನಾಕ್ಸೊಸ್, ಸಾಂಟೊರಿನಿ ಒಂದೇ ದಾರಿಯಲ್ಲಿವೆ. ಊರಿಗೆ ವಾಪಸ್ ಬರುವ ವಿಮಾನದ ಹಿಂದಿನ ರಾತ್ರಿ ಅಥೆನ್ಸ್‌ನಲ್ಲೇ ಇರಿ. ಬೆಳಗ್ಗೆ ದ್ವೀಪದಿಂದ ಹಡಗು ಹತ್ತಿ ಸಂಜೆಯ ವಿಮಾನ ಹಿಡಿಯುತ್ತೇನೆ ಅನ್ನುವ ಲೆಕ್ಕ ಗಾಳಿಯ ದಿನ ತಲೆಕೆಳಗಾಗುತ್ತದೆ. ಹವಾಮಾನದ ಕಾರಣಕ್ಕೆ ರದ್ದಾದರೆ ಟಿಕೆಟ್ ಹಣ ವಾಪಸ್ ಕೊಡುತ್ತಾರೆ ಅಥವಾ ಮುಂದಿನ ಹಡಗಿಗೆ ಹತ್ತಿಸುತ್ತಾರೆ. ತಪ್ಪಿದ ವಿಮಾನಕ್ಕೆ ಅವರು ಹೊಣೆಯಲ್ಲ.

ಕೊನೆಯ ಹೆಜ್ಜೆ: ಬ್ಯಾಗು, ವೀಸಾ, ಮುನ್ಸೂಚನೆ

ವಸಂತಕ್ಕೂ ಅಕ್ಟೋಬರ್‌ಗೂ ಒಂದು ಗಾಳಿ ತಡೆಯುವ ಜರ್ಕಿನ್, ಒಂದು ಸ್ವೆಟರ್ ಸಾಕು. ಬೇಸಿಗೆಗೆ ಕುತ್ತಿಗೆಗೆ ದಾರ ಕಟ್ಟುವ ಟೋಪಿ, ತುಂಬು ತೋಳಿನ ತೆಳು ಹತ್ತಿ ಅಂಗಿ. ಮೆಟೆಯೊರಾದ ಮಠಗಳಿಗೆ ತೋಳು, ಮಂಡಿ ಮುಚ್ಚಿರಬೇಕು. ಹೆಂಗಸರಿಗೆ ಉದ್ದ ಲಂಗ ಬೇಕು, ಪ್ಯಾಂಟ್ ಮೇಲೆ ಸುತ್ತಿಕೊಳ್ಳಲು ಬಾಗಿಲಲ್ಲೇ ಬಟ್ಟೆ ಕೊಡುತ್ತಾರೆ. ಆರು ಮಠಗಳಿಗೂ ವಾರದ ರಜೆ ಬೇರೆಬೇರೆ ದಿನ, ಚಳಿಗಾಲದಲ್ಲಿ ಸಮಯವೂ ಕಡಿಮೆ. ಮೊದಲೇ ನೋಡಿಕೊಳ್ಳಿ.

ಗ್ರೀಸ್‌ಗೆ ಬೇಕಾದ್ದು ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅದಕ್ಕೆ ಅರ್ಜಿ ಹಾಕಬಹುದು. ಮೇ ಪ್ರವಾಸಕ್ಕೆ ಜನವರಿಯಲ್ಲೇ ಶುರುಮಾಡಿ, ಮಾರ್ಚ್ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಹೋಟೆಲ್ ಬಜೆಟ್ ಹಾಕುವಾಗ ಹವಾಮಾನ ಶುಲ್ಕ ಮರೆಯಬೇಡಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಾಲ್ಕು ಸ್ಟಾರ್ ಹೋಟೆಲ್‌ನಲ್ಲಿ ರೂಮಿಗೆ ದಿನಕ್ಕೆ 10 ಯೂರೋ, ಐದು ಸ್ಟಾರ್‌ನಲ್ಲಿ 15. ಇದನ್ನು ಬಹಳ ಕಡೆ ಹೋಟೆಲ್‌ನಲ್ಲೇ ಕಟ್ಟಬೇಕು.

ಹೊರಡುವ ವಾರದಿಂದ ದಿನಾ ಎರಡು ಕಡೆ ನೋಡಿ: ಗ್ರೀಸ್‌ನ ರಾಷ್ಟ್ರೀಯ ಹವಾಮಾನ ಸೇವೆಯ ಎಚ್ಚರಿಕೆಗಳು, ಮತ್ತು ಅಥೆನ್ಸ್ ರಾಷ್ಟ್ರೀಯ ವೀಕ್ಷಣಾಲಯ ನಡೆಸುವ ಮೀಟಿಯೊ ಡಾಟ್ ಜಿಆರ್. ಡಿಗ್ರಿ ನೋಡಿದ ಮೇಲೆ ಬೋಫೋರ್ಟ್ ಅಂಕಿಯನ್ನೂ ನೋಡಿ. 6ರವರೆಗೆ ದೊಡ್ಡ ಹಡಗಿಗೆ ತೊಂದರೆಯಿಲ್ಲ, ಹೊಟ್ಟೆಗೆ ಇರಬಹುದು. 7 ಕಂಡರೆ ವೇಗದ ಹಡಗಿನ ಟಿಕೆಟ್ ಬದಲಾಯಿಸಿ. 8 ಕಂಡರೆ ಇರುವ ದ್ವೀಪದಲ್ಲೇ ಇನ್ನೊಂದು ರಾತ್ರಿಗೆ ರೂಮು ಕೇಳಿಡಿ.